ಹಸಿರು ಚುಕ್ಕೆಯೊಂದೇ ಸಾಲದು

ಕುರುಕಲು ತಿಂಡಿಯ ಪೊಟ್ಟಣ ಕೈಗೆತ್ತಿಕೊಂಡಾಗ ನಾವು ನೋಡುವುದು ಎರಡನ್ನೇ: ಬೆಲೆ ಮತ್ತು ಹಸಿರು ಚುಕ್ಕೆ. ಬಹುತೇಕರಿಗೆ ಅಷ್ಟು ಸಾಕು. ಆದರೆ ಅಲರ್ಜಿ ಇರುವವರಿಗೆ ಸಾಲದು.

‘ಆಲ್ಫಾ-ಗಾಲ್ ಸಿಂಡ್ರೋಮ್’ ಎಂಬ ಅಲರ್ಜಿಯನ್ನೇ ನೋಡಿ. ಕೆಲವು ಜಾತಿಯ ಉಣ್ಣಿ ಕಚ್ಚಿದ ಮೇಲೆ ಕೆಲವರ ದೇಹಕ್ಕೆ ದನ, ಕುರಿ, ಮೇಕೆ, ಹಂದಿಯಂಥ ಸಸ್ತನಿಗಳ ಮಾಂಸ ಒಗ್ಗುವುದಿಲ್ಲ. ತಿಂದ 2ರಿಂದ 6 ಗಂಟೆಗಳ ನಂತರ ದದ್ದು, ಹೊಟ್ಟೆನೋವು, ಉಸಿರಾಟದ ತೊಂದರೆ ಕಾಣಿಸುತ್ತವೆ. ಕೆಲವೊಮ್ಮೆ ಪ್ರಾಣಕ್ಕೇ ಅಪಾಯ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಇದು ಹೆಚ್ಚಾಗಿ ವರದಿಯಾಗಿದೆ. ಇಂಥವರು ಕೋಳಿ, ಮೀನು, ಮೊಟ್ಟೆ ತಿನ್ನಬಹುದು. ಆದರೆ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್, ಕೆಲವರಿಗೆ ಹಾಲು ಸಹ ಆಗುವುದಿಲ್ಲ.

ಅಂಥವರೊಬ್ಬರು ನಮ್ಮ ಅಂಗಡಿಗೆ ಬಂದರೆ? ಹಸಿರು ಚುಕ್ಕೆಯ ತಿಂಡಿಯಲ್ಲಿ ಹಾಲು ಇರಬಹುದು. ಕಂದು ತ್ರಿಕೋನ ಇದ್ದರೆ ಅದು ಮೊಟ್ಟೆಯೋ, ಮೀನೋ, ದನದ ಕೊಬ್ಬೋ ಎಂದು ಚಿಹ್ನೆ ಹೇಳುವುದಿಲ್ಲ. ಎಫ್‌ಎಸ್‌ಎಸ್‌ಎಐನ 2020ರ ನಿಯಮದಂತೆ ಗ್ಲುಟೆನ್ ಇರುವ ಧಾನ್ಯ, ಸಿಗಡಿ-ಏಡಿ, ಹಾಲು, ಮೊಟ್ಟೆ, ಮೀನು, ಶೇಂಗಾ ಮತ್ತು ಬೀಜಗಳು, ಸೋಯಾ, ಸಲ್ಫೈಟ್‌ಗಳನ್ನು ಅಲರ್ಜಿಕಾರಕಗಳೆಂದು ಪ್ರತ್ಯೇಕವಾಗಿ ನಮೂದಿಸಬೇಕು. ಆ ಪಟ್ಟಿಯಲ್ಲಿ ಮಾಂಸವೂ ಇಲ್ಲ, ಜೆಲಟಿನ್ನೂ ಇಲ್ಲ.

ಇನ್ನು ಸಂಖ್ಯೆಗಳ ಗೊಂದಲ. ಮೊಟ್ಟೆ ಹಾಕಿದ ಕೇಕಿನ ಮೇಲೆ ‘471’ ಎಂದಿದ್ದರೆ ಅದು ಎಣ್ಣೆಯಿಂದಲೂ ಬಂದಿರಬಹುದು, ಪ್ರಾಣಿಯ ಕೊಬ್ಬಿನಿಂದಲೂ ಬಂದಿರಬಹುದು. 2021ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್, ರುಚಿ ಹೆಚ್ಚಿಸುವ ‘631’ನ್ನು ಉದಾಹರಿಸಿ, ಸಂಕೇತದ ಜೊತೆಗೆ ಪದಾರ್ಥದ ಮೂಲ ಸಸ್ಯವೋ ಪ್ರಾಣಿಯೋ ಎಂಬುದನ್ನೂ ತಿಳಿಸಬೇಕೆಂದು ಆದೇಶಿಸಿತು. ಹಾಸ್ಟೆಲ್‌ನಲ್ಲಿ ನಾನು ನೋಡುವ ಪೊಟ್ಟಣಗಳಲ್ಲಿ ಇಂದಿಗೂ ಹೆಚ್ಚಾಗಿ ಕಾಣುವುದು ಬರೀ ಸಂಖ್ಯೆ.

ಭಾಷೆಯ ತೊಡಕೂ ಇದೆ. ನಿಯಮದ ಪ್ರಕಾರ ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು. ಕನ್ನಡಕ್ಕೆ ಅವಕಾಶವಿದೆ, ಕಡ್ಡಾಯವಿಲ್ಲ. ಬಾಡಗಂಡಿಯ ಕಿರಾಣಿ ಅಂಗಡಿಯಲ್ಲಿ ಮೊಮ್ಮಗನಿಗೆ ಬಿಸ್ಕೀಟು ಕೊಳ್ಳುವ ಅಜ್ಜಿ ಅದನ್ನು ಓದುವುದು ಹೇಗೆ? ಮೇಲ್ಮೈ 100 ಚದರ ಸೆಂ.ಮೀ. ಮೀರದ ಪುಟ್ಟ ಪೊಟ್ಟಣಗಳಿಗಂತೂ ಪದಾರ್ಥಗಳ ಪಟ್ಟಿಯಿಂದಲೇ ವಿನಾಯಿತಿ ಇದೆ. ಅವು ಬರುವ ದೊಡ್ಡ ಡಬ್ಬಿಯ ಮೇಲಿದ್ದರೆ ಸಾಕು. ಬೀಳಗಿ, ಜಮಖಂಡಿಯ ಬೇಕರಿಗಳಲ್ಲಿ ತೂಗಿ ಕೊಡುವ ತಿಂಡಿಗೆ ಚೀಟಿಯೇ ಇರುವುದಿಲ್ಲ.

‘ಇದು ಅಪರೂಪದ ಕಾಯಿಲೆ, ನಮಗೇಕೆ?’ ಎನ್ನಬಹುದು. ಆದರೆ ಶೇಂಗಾ, ಹಾಲು, ಗೋಧಿ ಆಗದವರು ನಮ್ಮ ತರಗತಿಯಲ್ಲೇ ಇರಬಹುದು. ಅವರಿಗೆ ಬೇಕಾದದ್ದೂ ಓದಲು ಬರುವ ಭಾಷೆಯಲ್ಲಿನ ಸ್ಪಷ್ಟ ಮಾಹಿತಿಯೇ. ಆದ್ದರಿಂದ ಪ್ರಾಣಿಮೂಲದ ಪದಾರ್ಥವಿದ್ದರೆ ಯಾವ ಪ್ರಾಣಿಯದೆಂದು ಬರೆಯಬೇಕು. ಅಲರ್ಜಿಯ ಸಾಲು ಕನ್ನಡದಲ್ಲೂ ಇರಬೇಕು. ಸರ್ಕಾರ ಇದನ್ನು ಕಡ್ಡಾಯಗೊಳಿಸಲಿ.

ಅಲ್ಲಿಯವರೆಗೆ ನಾವು ಪೊಟ್ಟಣವನ್ನು ತಿರುಗಿಸಿ ಓದೋಣ. ಸಂದೇಹವಿದ್ದರೆ ಅದರ ಮೇಲಿರುವ ಗ್ರಾಹಕ ಸೇವಾ ಸಂಖ್ಯೆಗೆ ಕರೆ ಮಾಡಿ ಕೇಳೋಣ. ಗೆಳೆಯರ ಜೊತೆ ತಿಂಡಿ ಹಂಚಿಕೊಳ್ಳುವ ಮುನ್ನ ‘ನಿನಗೆ ಏನಾದರೂ ಆಗುವುದಿಲ್ಲವೇ?’ ಎಂದು ಒಮ್ಮೆ ವಿಚಾರಿಸೋಣ.

–ಬಿ.ಇ. ವಿದ್ಯಾರ್ಥಿ, ಬಾಡಗಂಡಿ