ಅಳಿಸಿದ್ದು ಹನ್ನೊಂದೇ ಸಾಲು

ಕಳೆದ ತಿಂಗಳು ಪರಿಚಯದ ನಿವೃತ್ತ ಮೇಷ್ಟರೊಬ್ಬರು ಮನೆಗೆ ಬಂದಿದ್ದರು. ಕಾಫಿ ಲೋಟ ಕೆಳಗಿಡುವ ಮೊದಲೇ ಮಗಳ ಮೇಲಿನ ದೂರು ಶುರುವಾಯಿತು. ಮಗಳು ಇಂಜಿನಿಯರಿಂಗ್ ಮೂರನೇ ವರ್ಷ. "ನೋಡಿ ಸ್ವಾಮಿ, ಮೂರು ವಾರದಿಂದ ರಾತ್ರಿ ಹನ್ನೆರಡರವರೆಗೆ ಕಂಪ್ಯೂಟರ್ ಮುಂದೆ ಕೂತಿರುತ್ತಾಳೆ. ಏನಮ್ಮಾ ಬರೆದೆ ಅಂತ ಕೇಳಿದರೆ, ಬರೆದಿಲ್ಲ ಅಪ್ಪಾ, ಅಳಿಸಿದೆ ಅಂತಾಳೆ. ಎಷ್ಟು ಅಂದರೆ, ಹನ್ನೊಂದು ಸಾಲಂತೆ! ಅದೂ ಯಾರೋ ಎಲ್ಲೋ ಯಾವಾಗಲೋ ಬರೆದಿಟ್ಟದ್ದು. ಒಂದು ಕಾಸು ಸಂಬಳವಿಲ್ಲ. ಜೊತೆಯವರೆಲ್ಲ ಹೊಸ ಹೊಸ ಆ್ಯಪ್ ಮಾಡಿ ತೋರಿಸುತ್ತಿದ್ದಾರೆ. ಇವಳು ಕಂಡವರ ಮನೆ ಕಸ ಗುಡಿಸುತ್ತಿದ್ದಾಳೆ. ಇದಕ್ಕೂ ಓದು ಅನ್ನುತ್ತಾರೆಯೇ?"

ಮೇಷ್ಟರ ಪ್ರಶ್ನೆ ಅವರೊಬ್ಬರದಲ್ಲ. ಕಂಪ್ಯೂಟರ್ ವಿಜ್ಞಾನ ಓದುವ ಮಕ್ಕಳಿರುವ ಹಲವು ಮನೆಗಳಲ್ಲಿ ಇದು ಒಂದಲ್ಲ ಒಂದು ರೂಪದಲ್ಲಿ ಏಳುತ್ತದೆ. ಹಾಗಾಗಿ, "ಮಗಳನ್ನೇ ಒಮ್ಮೆ ಕಳಿಸಿಕೊಡಿ" ಎಂದೆ. ಮರುದಿನ ಸಂಜೆ ಹುಡುಗಿ ಬಂದಳು. ಅವಳು ಗುಡಿಸುತ್ತಿದ್ದ ಮನೆಯ ಹೆಸರು ಲಿಬ್‌ವರ್ಟ್.

ಇದು ಯಾರ ಮನೆ? ನಮ್ಮ ಊರುಗಳ ಹಳೆಯ ವಠಾರವನ್ನು ನೆನಪಿಸಿಕೊಳ್ಳಿ. ಒಂದೇ ಆವರಣ, ಒಬ್ಬನೇ ಮಾಲೀಕ, ಒಳಗೆ ಹತ್ತು ಸಂಸಾರ. ಪ್ರತಿ ಸಂಸಾರಕ್ಕೂ ತನ್ನದೇ ಬಾಗಿಲು, ತನ್ನದೇ ಒಲೆ. ವರ್ಚುವಲೈಸೇಶನ್ ಎಂಬ ವಿದ್ಯೆಯೂ ಹೀಗೆಯೇ. ಒಂದು ದೊಡ್ಡ ಕಂಪ್ಯೂಟರಿನೊಳಗೆ ಹತ್ತಾರು ತೋರಿಕೆಯ ಕಂಪ್ಯೂಟರುಗಳನ್ನು ಅದು ನೆಲೆಗೊಳಿಸುತ್ತದೆ. ಪ್ರತಿಯೊಂದೂ ತಾನೊಂದು ಇಡೀ ಯಂತ್ರವೆಂದೇ ತಿಳಿದು ಕೆಲಸ ಮಾಡುತ್ತದೆ. ನಾವಿಂದು 'ಕ್ಲೌಡ್' ಎಂದು ಕರೆಯುವುದರಲ್ಲಿ ಬಹುಪಾಲು ಇಂಥ ವಠಾರಗಳೇ.

ವಠಾರ ಕಟ್ಟುವ ತಂತ್ರಾಂಶಗಳು ಹಲವು: ಜೆನ್, ಕೆವಿಎಂ, ಕ್ಯೂಎಮು ಇತ್ಯಾದಿ. ಒಂದೊಂದರ ಭಾಷೆಯೂ ಬೇರೆ. ಇವೆಲ್ಲವನ್ನೂ ಒಂದೇ ಮಾತಿನಲ್ಲಿ ನಡೆಸುವ ಮೇನೇಜರು ಬೇಕಲ್ಲ? ಆ ಕೆಲಸಕ್ಕಾಗಿ ರೆಡ್ ಹ್ಯಾಟ್ ಕಂಪನಿಯಲ್ಲಿದ್ದ ಡೇನಿಯಲ್ ವೆಯಾರ್ 2005ರಲ್ಲಿ ಶುರು ಮಾಡಿದ್ದೇ ಲಿಬ್‌ವರ್ಟ್. ಸಿ ಭಾಷೆಯಲ್ಲಿ ಬರೆದ, ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ ಮುಕ್ತ ತಂತ್ರಾಂಶ ಇದು. ಇದಕ್ಕೀಗ ಇಪ್ಪತ್ತು ವರ್ಷ ದಾಟಿದೆ. ತಂತ್ರಾಂಶಗಳ ಲೋಕದಲ್ಲಿ ಅದು ಮುತ್ತಜ್ಜಿಯ ವಯಸ್ಸು.

ಹಳೆಯದಾದರೆ ಹೊಸದು ಬರೆದರಾಯಿತಲ್ಲ ಎನ್ನುತ್ತೀರಾ? ತೊಡಕು ಇರುವುದೇ ಅಲ್ಲಿ. ಲಿಬ್‌ವರ್ಟ್ ತನ್ನ ಬಳಕೆದಾರರಿಗೆ ಮೊದಲಿನಿಂದಲೂ ಒಂದು ಮಾತು ಕೊಟ್ಟಿದೆ. ಹೊರಗಿನ ಪ್ರೋಗ್ರಾಮುಗಳು ಬಳಸಲೆಂದು ತಾನು ತೆರೆದಿಟ್ಟ ಯಾವ ಆಜ್ಞೆಯನ್ನೂ ಹಿಂತೆಗೆದುಕೊಳ್ಳುವುದಿಲ್ಲ, ಅದರ ಅರ್ಥವನ್ನೂ ಬದಲಿಸುವುದಿಲ್ಲ ಎಂದು. ಆರಂಭದ ದಿನಗಳಲ್ಲಿ ಹೊಸ ತೋರಿಕೆ ಯಂತ್ರವನ್ನು ಚಾಲೂ ಮಾಡುವ ಆಜ್ಞೆಗೆ 'ವಿರ್‌ಡೊಮೇನ್‌ಕ್ರಿಯೇಟ್‌ಲಿನಕ್ಸ್' ಎಂದು ಹೆಸರಿಟ್ಟಿದ್ದರು. ಆಮೇಲೆ ನೋಡಿದರೆ ಲಿನಕ್ಸ್ ಅಲ್ಲದವೂ ವಠಾರಕ್ಕೆ ಬರುತ್ತಿವೆ! 2008ರಲ್ಲಿ ಅದೇ ಕೆಲಸಕ್ಕೆ 'ವಿರ್‌ಡೊಮೇನ್‌ಕ್ರಿಯೇಟ್‌ಎಕ್ಸ್‌ಎಂಎಲ್' ಎಂಬ ಸರಿಯಾದ ಹೆಸರು ಕೊಟ್ಟರು. ಹಳೆಯ ಹೆಸರನ್ನು ಅಳಿಸಿದರೇ? ಇಲ್ಲ. ಅದು ಅನಿರ್ದಿಷ್ಟ ಕಾಲ ಉಳಿಯುತ್ತದೆ ಎಂದು ಬರೆದಿಟ್ಟರು. ಆ ಹೆಸರನ್ನು ನಂಬಿ ಪ್ರೋಗ್ರಾಮು ಬರೆದವರು ಎಲ್ಲೋ ಇರಬಹುದು, ಅವರನ್ನು ನಡುನೀರಿನಲ್ಲಿ ಕೈಬಿಡಬಾರದು ಎಂಬುದೇ ಕಾರಣ.

ಎಂದರೆ, ಹೊರಬಾಗಿಲು ಇದ್ದ ಹಾಗೇ ಇರಬೇಕು, ಒಳಗಿನ ಸಂಸಾರಗಳು ಅಡುಗೆ ಮಾಡುತ್ತಲೇ ಇರಬೇಕು, ನಡುವೆ ತೊಲೆ ಬದಲಿಸಬೇಕು. ಹುಡುಗಿ ಕೈಹಾಕಿದ್ದು ಈ ಕೆಲಸಕ್ಕೆ.

ಅವಳು ಬದಲಿಸಿದ ತೊಲೆ ಯಾವುದು? ಸಿ ಭಾಷೆ ಕಲಿತವರಿಗೆ ಗೊತ್ತು, ಅಲ್ಲಿ ಮೆಮೊರಿ ಎಂಬುದು ಗ್ರಂಥಾಲಯದ ಪುಸ್ತಕವಿದ್ದಂತೆ. ಬೇಕಾದಾಗ ಕೇಳಿ ಪಡೆಯಬೇಕು, ಕೆಲಸ ಮುಗಿದ ಮೇಲೆ ನೆನಪಿನಿಂದ ಹಿಂದಿರುಗಿಸಬೇಕು. ಮರೆತರೆ ಪುಸ್ತಕ ಕಳೆದುಹೋದಂತೆ. ದಿನಗಟ್ಟಲೆ ನಿಲ್ಲದೆ ನಡೆಯುವ ಪ್ರೋಗ್ರಾಮು ಹೀಗೆ ಮರೆಯುತ್ತಾ ಹೋದರೆ ಒಂದು ದಿನ ಕಪಾಟು ಖಾಲಿ. ಹಿಂದಿರುಗಿಸಿದ ಪುಸ್ತಕವನ್ನು ಇನ್ನೂ ತನ್ನದೆಂದು ಓದಲು ಹೋದರೆ ಅದು ಇನ್ನೂ ದೊಡ್ಡ ಅಪಾಯ. ಅಷ್ಟರಲ್ಲಿ ಅದೇ ಜಾಗದಲ್ಲಿ ಬೇರೆ ಯಾರದೋ ಲೆಕ್ಕ ಕೂತಿರಬಹುದು.

ಹಳೆಯ ಪದ್ಧತಿಯಲ್ಲಿ ಪ್ರತಿ ಫಂಕ್ಷನ್ನಿನ ಕೊನೆಗೂ 'ಕ್ಲೀನಪ್' ಎಂಬ ಮೂಲೆಯೊಂದನ್ನು ಮಾಡಿಡುತ್ತಿದ್ದರು. ನಡುವೆ ಏನೇ ಎಡವಟ್ಟಾದರೂ 'ಗೋಟು' ಹೇಳಿ ಆ ಮೂಲೆಗೆ ಹಾರುವುದು, ಪಡೆದದ್ದನ್ನೆಲ್ಲ ಅಲ್ಲಿ ಒಂದೊಂದಾಗಿ ಹಿಂದಿರುಗಿಸಿ ಹೊರಬೀಳುವುದು. ಒಳ್ಳೆಯ ಪದ್ಧತಿಯೇ. ಆದರೆ ಮನುಷ್ಯನ ನೆನಪಿನ ಮೇಲೆ ನಿಂತದ್ದು. ಹೊಸದಾಗಿ ಏನನ್ನೋ ಪಡೆದವನು ಮೂಲೆಗೆ ಹೋಗಿ ಅದರ ಹೆಸರು ಸೇರಿಸುವುದನ್ನು ಮರೆತರೆ ಮುಗಿಯಿತು.

ಇದಕ್ಕೊಂದು ಉಪಾಯ ಸಿ ಕಂಪೈಲರುಗಳಲ್ಲೇ ಇತ್ತು. ಅಸ್ಥಿರವೊಂದನ್ನು ಘೋಷಿಸುವಾಗಲೇ ಅದಕ್ಕೊಂದು ಗುರುತು ಹಚ್ಚಿದರೆ, ಅದು ಕಾರ್ಯಕ್ಷೇತ್ರದಿಂದ ಹೊರಬೀಳುವಾಗ ತನ್ನಷ್ಟಕ್ಕೇ ಮೆಮೊರಿಯನ್ನು ಹಿಂದಿರುಗಿಸುತ್ತದೆ. ಆಗ ಗೋಟುವೂ ಬೇಡ, ಕ್ಲೀನಪ್ ಮೂಲೆಯೂ ಬೇಡ. 2018ರಲ್ಲಿ ಲಿಬ್‌ವರ್ಟ್‌ನಲ್ಲಿ ಈ ಪದ್ಧತಿಯನ್ನು ತರಲು ಮೊದಲು ಕೈಹಚ್ಚಿದ್ದು ಯಾರು ಗೊತ್ತೇ? 'ಗೂಗಲ್ ಸಮ್ಮರ್ ಆಫ್ ಕೋಡ್' ಯೋಜನೆಯಡಿ ಬೇಸಿಗೆ ರಜೆಯಲ್ಲಿ ಕೆಲಸಕ್ಕೆ ಬಂದಿದ್ದ ಒಬ್ಬ ವಿದ್ಯಾರ್ಥಿ! ಮರುವರ್ಷ ಹಿರಿಯರು ಅದೇ ದಾರಿಯನ್ನು ಮುಂದುವರಿಸಿ, ಈ ಸೌಕರ್ಯವನ್ನು ಸಿದ್ಧವಾಗಿ ಕೊಡುವ ಜಿಲಿಬ್ ಎಂಬ ಗ್ರಂಥಾಲಯಕ್ಕೆ ಬದಲಾಯಿಸಿದರು. ಅಂದಿನಿಂದ ಸಾವಿರಾರು ಕಡೆ ಹಳೆಯ ಸಾಲುಗಳು ಒಂದೊಂದಾಗಿ ಮಾಯವಾಗುತ್ತಿವೆ.

"ಹಾಗಾದರೆ ಹುಡುಕಿ ಅಳಿಸುವುದಷ್ಟೇ ತಾನೇ? ಮೂರು ವಾರ ಯಾಕೆ ಬೇಕಾಯಿತು?" ಎಂದು ಕೇಳಿದೆ.

"ಅಂಕಲ್, ಅಳಿಸೋದಕ್ಕೆ ಎರಡು ನಿಮಿಷ ಸಾಕು. ಅಳಿಸಬಹುದು ಅಂತ ಖಾತ್ರಿ ಮಾಡಿಕೊಳ್ಳೋದಕ್ಕೆ ಉಳಿದದ್ದೆಲ್ಲ ಬೇಕಾಯ್ತು" ಎಂದಳು.

ಅವಳ ಮೊದಲ ಪ್ರಯತ್ನ ವಾಪಸು ಬಂದಿತ್ತಂತೆ. ಅವಳು ತಿದ್ದಿದ ಫಂಕ್ಷನ್ನು ತಾನು ಪಡೆದ ಮೆಮೊರಿಯನ್ನು ತನ್ನನ್ನು ಕರೆದವರ ಕೈಗೆ ಒಪ್ಪಿಸಬೇಕಿತ್ತು. ಇವಳು ಸ್ವಯಂಚಾಲಿತ ಗುರುತು ಹಚ್ಚಿದ್ದರಿಂದ, ಒಪ್ಪಿಸುವ ಹೊತ್ತಿಗೇ ಅದು ಗ್ರಂಥಾಲಯಕ್ಕೆ ವಾಪಸಾಗಿತ್ತು. ಕರೆದವರ ಕೈಗೆ ಸಿಕ್ಕಿದ್ದು ಬರಿಯ ರಸೀತಿ! ಹೀಗೆ ದಾಟಿಸುವಾಗ ಒಡೆತನವನ್ನೂ ಬಿಡಿಸಿ ಕೊಡುವ ಬೇರೆಯದೇ ಆಜ್ಞೆ ಇದೆ, ಅದನ್ನು ಬಳಸು ಎಂದು ಪರಿಶೀಲಕರೊಬ್ಬರು ನಾಲ್ಕು ಸಾಲು ಬರೆದಿದ್ದರು. ಎರಡನೇ ಸಲವೂ ವಾಪಸು. ಗುರುತು ಹಚ್ಚಿದ ಅಸ್ಥಿರವನ್ನು ಆರಂಭದಲ್ಲೇ ಶೂನ್ಯ ಮಾಡಿಡಬೇಕು, ಇಲ್ಲದಿದ್ದರೆ ನಡುವೆ ಹೊರಬಿದ್ದಾಗ ಅದು ಯಾವುದೋ ಕಸವನ್ನೇ ಮೆಮೊರಿಯೆಂದು ಹಿಂದಿರುಗಿಸಲು ಹೋಗುತ್ತದೆ. ಮೂರನೇ ಸಲ ಒಪ್ಪಿಗೆಯಾಯಿತು.

ಆ ನಡುವೆ ಅವಳು ಪರೀಕ್ಷೆಗಳನ್ನು ಓಡಿಸುವುದನ್ನೂ ಕಲಿತಿದ್ದಳು. ಲಿಬ್‌ವರ್ಟ್‌ನಲ್ಲಿ ನೂರಾರು ಮಾದರಿ ಯಂತ್ರಗಳ ವಿವರಣೆಗಳಿವೆ. ಪ್ರತಿಯೊಂದರ ಪಕ್ಕದಲ್ಲೂ, ಅದರಿಂದ ಕ್ಯೂಎಮುವಿಗೆ ಹೋಗಬೇಕಾದ ಆಜ್ಞೆ ಅಕ್ಷರಶಃ ಬರೆದಿಟ್ಟಿದೆ. ನೀವು ಒಳಗೆ ಏನೇ ಬದಲಿಸಿ, ಹೊರಬರುವ ಉತ್ತರ ಇದಕ್ಕೆ ತಾಳೆಯಾಗಲೇಬೇಕು. ಪರೀಕ್ಷೆಯ ಮುನ್ನಾದಿನ ಕೀ ಉತ್ತರ ಕೈಯಲ್ಲಿಟ್ಟುಕೊಂಡು ಲೆಕ್ಕ ಬಿಡಿಸಿದ ಹಾಗೆ. ಮೋಸಕ್ಕಲ್ಲ, ತಪ್ಪು ಹಿಡಿಯುವುದಕ್ಕೆ.

ಇಷ್ಟೆಲ್ಲ ಕಷ್ಟಪಡದೆ ಹಳೆಯದನ್ನು ಅದರ ಪಾಡಿಗೆ ಬಿಟ್ಟರೆ ಏನು ನಷ್ಟ? 2015ರ ಮೇ ತಿಂಗಳಲ್ಲಿ ಜಗತ್ತಿಗೆ ಇದರ ಉತ್ತರ ಸಿಕ್ಕಿತು. ಪೋಷಕರಿಗೆ ಫ್ಲಾಪಿ ಡಿಸ್ಕ್ ನೆನಪಿರಬಹುದು. ಇಂದಿನ ಮಕ್ಕಳು ಅದನ್ನು ಕಂಡಿರುವುದು 'ಸೇವ್' ಮಾಡುವ ಗುಂಡಿಯ ಚಿತ್ರವಾಗಿ ಮಾತ್ರ. ಲಿಬ್‌ವರ್ಟ್ ನಡೆಸುವ ಕ್ಯೂಎಮುವಿನೊಳಗೆ ತೋರಿಕೆಯ ಫ್ಲಾಪಿ ಡ್ರೈವಿನ ಕೋಡ್ ಇತ್ತು. ಅದರಲ್ಲಿ 2004ರಿಂದಲೂ ಒಂದು ದೋಷ ಅಡಗಿತ್ತು. ಹನ್ನೊಂದು ವರ್ಷದ ನಂತರ ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಸಂಶೋಧಕರೊಬ್ಬರು ಅದನ್ನು ಪತ್ತೆಹಚ್ಚಿ 'ವೆನಮ್', ಅಂದರೆ ವಿಷ, ಎಂದು ಕರೆದರು. ವಠಾರದ ಒಂದು ಮನೆಯ ಬಾಡಿಗೆದಾರ ಈ ಕಿಂಡಿಯಿಂದ ಹೊರಬಿದ್ದು ಮಾಲೀಕನ ಕೋಣೆಗೆ ನುಗ್ಗುವುದು ಸಾಧ್ಯವಿತ್ತು. ಅಲ್ಲಿಂದ ಪಕ್ಕದ ಮನೆಗಳೂ ದೂರವಲ್ಲ. ತಮಾಷೆಯೆಂದರೆ, ನನಗೆ ಫ್ಲಾಪಿ ಬೇಡ ಎಂದು ತೆಗೆದುಹಾಕಿದವರಿಗೂ ರಕ್ಷಣೆ ಇರಲಿಲ್ಲ. ಇನ್ನೊಂದು ದೋಷದಿಂದಾಗಿ ಆ ಕೋಡ್ ಆಗಲೂ ಜೀವಂತವಾಗಿಯೇ ಇರುತ್ತಿತ್ತು. ಯಾರಿಗೂ ಬೇಡವಾದ, ಯಾರೂ ತಿರುಗಿ ನೋಡದ ಮೂಲೆಯಲ್ಲೇ ಹಾವು ಸೇರಿಕೊಳ್ಳುವುದು.

ಲಿಬ್‌ವರ್ಟ್ ಬಳಸುತ್ತಿದ್ದ ಅನೇಕರಿಗೆ ಅಂದು ಒಂದು ಅಡ್ಡಗೋಡೆಯಾದರೂ ಇತ್ತು. 2009ರಲ್ಲೇ ಲಿಬ್‌ವರ್ಟ್‌ಗೆ 'ಎಸ್‌ವರ್ಟ್' ಎಂಬ ಕಾವಲು ಸೇರಿತ್ತು. ಅದಕ್ಕೆ ಬೇಕಾದ ಭದ್ರತಾ ವ್ಯವಸ್ಥೆ ಇದ್ದ ಯಂತ್ರಗಳಲ್ಲಿ ಪ್ರತಿ ಬಾಡಿಗೆದಾರನಿಗೂ ಬೇರೆ ಬೇರೆ ಚೀಟಿ ಅಂಟಿಸಿ, ಕಿಂಡಿಯಿಂದ ಹೊರಬಿದ್ದರೂ ಇನ್ನೊಬ್ಬರ ಸಾಮಾನು ಮುಟ್ಟದಂತೆ ಅದು ತಡೆಯುತ್ತದೆ.

ಹಾಗಾಗಿ ಅಳಿಸುವುದೂ ಒಂದು ಜವಾಬ್ದಾರಿಯ ಕೆಲಸ. 2019ರ ಜನವರಿಯಲ್ಲಿ ಲಿಬ್‌ವರ್ಟ್ ತಂಡ 'ಯೂಸರ್ ಮೋಡ್ ಲಿನಕ್ಸ್' ಎಂಬುದಕ್ಕಾಗಿ ಇಟ್ಟುಕೊಂಡಿದ್ದ ಇಡೀ ವಿಭಾಗವನ್ನು ಕಿತ್ತುಹಾಕಿತು. ಅದಕ್ಕೆ ಕೊಟ್ಟ ಕಾರಣ ಸ್ವಾರಸ್ಯಕರ. ತೀರಾ ಸಾಮಾನ್ಯ ಕೆಲಸಗಳನ್ನು ಮಾಡಿಸಹೋದರೂ ಆ ವಿಭಾಗ ಸ್ತಬ್ಧವಾಗಿ ನಿಲ್ಲುವಂಥ ದೋಷವಿತ್ತು. ಆ ಸ್ಥಿತಿಯಲ್ಲಿರುವುದನ್ನು ಯಾರೂ ಬಳಸುತ್ತಿರಲಾರರು ಎಂಬ ತೀರ್ಮಾನಕ್ಕೆ ತಂಡ ಬಂತು. ಅದಕ್ಕೂ ಮುಂಚೆ, 2018ರಲ್ಲಿ, ಜೆನ್‌ನ ಹಳೆಯ ವ್ಯವಸ್ಥೆಗೆ ಬರೆದಿದ್ದ ಭಾಗವೂ ಹೋಗಿತ್ತು. ಲಿಬ್‌ವರ್ಟ್ ಹುಟ್ಟಿದ್ದೇ ಜೆನ್‌ಗಾಗಿ. ಎಂದರೆ ಮನೆಯ ಮೊದಲ ಕೋಣೆಯನ್ನೇ ಕೆಡವಿದ ಹಾಗೆ. ಜೆನ್‌ನವರೇ ಆ ಹಳೆಯ ವ್ಯವಸ್ಥೆಯನ್ನು ಕೈಬಿಟ್ಟು ಹೊಸತಿಗೆ ಹೋಗಿದ್ದರು. ಹೊಸತಿಗೆ ಬೇಕಾದ ಬಾಗಿಲು ಲಿಬ್‌ವರ್ಟ್‌ನಲ್ಲಿ ಸಿದ್ಧವೂ ಇತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತೇವೆ. ಇಲ್ಲಿ ದೊಣ್ಣೆಗೂ ವರುಷ ಬೇಕು. ಯಾರ ನೀರೂ ಚೆಲ್ಲದಂತೆ ಮಡಕೆ ತೆಗೆಯುವುದು ಸುಲಭವಲ್ಲ.

ಈಗ ಮೇಷ್ಟರ ಪ್ರಶ್ನೆಗೆ ಬರೋಣ. ಇದೂ ಓದೇ? ನಮ್ಮ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಎಂದರೆ ಸಾಮಾನ್ಯವಾಗಿ ಖಾಲಿ ಹಾಳೆಯಿಂದ ಆರಂಭ. ಅಂಕ ಬಂದ ಮರುದಿನವೇ ಅದು ಅಟ್ಟ ಸೇರುತ್ತದೆ. ಆದರೆ ಕೆಲಸಕ್ಕೆ ಸೇರಿದ ಮೇಲೆ ಸಿಗುವುದು ಹೆಚ್ಚಾಗಿ ಖಾಲಿ ಹಾಳೆಯಲ್ಲ, ಯಾರೋ ಬರೆದು ಬಿಟ್ಟುಹೋದ ಸಾವಿರಾರು ಸಾಲು. ಅದನ್ನು ತಾಳ್ಮೆಯಿಂದ ಓದುವುದು, ಬರೆದವನು ಹೀಗೇಕೆ ಬರೆದ ಎಂದು ಊಹಿಸುವುದು, ತನ್ನ ತಪ್ಪನ್ನು ನಾಲ್ಕು ಜನರೆದುರು ಒಪ್ಪಿ ತಿದ್ದುವುದು, ಇವನ್ನು ಯಾವ ಪಠ್ಯಪುಸ್ತಕವೂ ಕಲಿಸುವುದಿಲ್ಲ.

ವಿದ್ಯಾರ್ಥಿಗಳೇ, ನಿಮಗೂ ಮನಸ್ಸಿದ್ದರೆ ಒಂದು ಮಾತು. ಮೊದಲ ದಿನವೇ ಗೋಡೆ ಒಡೆಯಲು ಹೋಗಬೇಡಿ. ತಂತ್ರಾಂಶವನ್ನು ನಿಮ್ಮ ಯಂತ್ರದಲ್ಲಿ ಕಟ್ಟಿ, ಪರೀಕ್ಷೆಗಳನ್ನು ಓಡಿಸಿ ನೋಡಿ. ಲಿಬ್‌ವರ್ಟ್‌ನಂಥ ಯೋಜನೆಗಳು ಹೊಸಬರಿಗೆಂದೇ ಚಿಕ್ಕ ಚಿಕ್ಕ ತುತ್ತುಗಳನ್ನು ಎತ್ತಿಟ್ಟಿರುತ್ತವೆ. ಅದರಲ್ಲೊಂದನ್ನು ಆರಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಏಕೆ ಮಾಡಿದಿರಿ ಎಂಬುದನ್ನು ಸರಳವಾಗಿ ಬರೆದು, ಕೆಳಗೆ ನಿಮ್ಮ ಹೆಸರು ಹಾಕಿ. ವಾಪಸು ಬಂದರೆ ಅವಮಾನವೆಂದು ತಿಳಿಯಬೇಡಿ. ನಿಮ್ಮ ಹನ್ನೊಂದು ಸಾಲನ್ನು ಅನುಭವಿಯೊಬ್ಬರು ಕೂತು ಓದಿದ್ದಾರೆ ಎಂದರ್ಥ.

ಪೋಷಕರಿಗೂ ಒಂದು ಮಾತು. ಸಂಬಳ ಎಲ್ಲಿ ಎಂಬ ನಿಮ್ಮ ಪ್ರಶ್ನೆ ತಪ್ಪಲ್ಲ. ಈ ಯೋಜನೆಗಳಲ್ಲಿ ದುಡಿಯುವ ಅನೇಕರಿಗೆ ಕಂಪನಿಗಳು ಸಂಬಳ ಕೊಡುತ್ತವೆ. ಸಮ್ಮರ್ ಆಫ್ ಕೋಡ್‌ನಂಥ ಕಡೆ ವಿದ್ಯಾರ್ಥಿಗಳಿಗೂ ಗೌರವಧನವಿದೆ. ಉಳಿದಂತೆ ಇದು ಬಿಟ್ಟಿ ದುಡಿಮೆಯೇ. ಪರೀಕ್ಷೆ ಹತ್ತಿರ ಬಂದಾಗ ಇದನ್ನು ಬದಿಗಿಡು ಎನ್ನುವ ಹಕ್ಕು ನಿಮಗಿದೆ. ಆದರೆ 'ಎಷ್ಟು ಬರೆದೆ' ಎಂದು ಮಾತ್ರ ಕೇಳಬೇಡಿ. 'ಏನು ತಿಳಿಯಿತು' ಎಂದು ಕೇಳಿ.

ಮೇಷ್ಟರು ಮೊನ್ನೆ ಮತ್ತೆ ಸಿಕ್ಕಿದ್ದರು. ಮಗಳು ಅವರಿಗೆ ಆ ಹನ್ನೊಂದು ಸಾಲುಗಳನ್ನು ತೋರಿಸಿ ವಿವರಿಸಿದ್ದಳಂತೆ. "ಅರ್ಥವಾಯಿತೇ?" ಎಂದೆ. "ಪೂರ್ತಿ ಇಲ್ಲ" ಎಂದವರು ಒಂದು ಕ್ಷಣ ಬಿಟ್ಟು ಹೇಳಿದರು: "ಮೂವತ್ತು ವರ್ಷ ಮಕ್ಕಳ ನೋಟ್‌ಬುಕ್ ತಿದ್ದಿದವನು ನಾನು. ಹೊಸದಾಗಿ ಒಂದಕ್ಷರವನ್ನೂ ಬರೆದವನಲ್ಲ. ಅವಳನ್ನು ಬೈಯುವಾಗ ಇದು ನೆನಪಾಗಲಿಲ್ಲ ನೋಡಿ."