ಕೋರ್ಸ್ ಬದಲಿ ಮಾಡ್ರಿ, ಕಾಲೇಜ್ ಬಿಡಬ್ಯಾಡ್ರಿ!

ಕಲಬುರಗಿ ನಗರ ಮತ್ತು ಕಮಲಾಪುರ ತಾಲ್ಲೂಕಿನ ಪದವಿ ವಿದ್ಯಾರ್ಥಿಗಳಿಗೆ, ತಂದೆ-ತಾಯಂದಿರಿಗೆ, ಅಧ್ಯಾಪಕರಿಗೆ ಒಂದು ಬಹಿರಂಗ ಮನವಿ



ಕಮಲಾಪುರಕ್ಕೆ ಹೋಗಬೇಕಾದವರು ಅವಸರದಲ್ಲಿ ಆಳಂದ ಬಸ್ ಹತ್ತಿದರೆ ಏನು ಮಾಡುತ್ತಾರೆ? ಕಂಡಕ್ಟರಿಗೆ ಹೇಳಿ ಮುಂದಿನ ಸ್ಟಾಪಿನಲ್ಲಿ ಇಳಿದು ಸರಿಯಾದ ಬಸ್ ಹಿಡಿಯುತ್ತಾರೆ. ಟಿಕೆಟ್ ತೆಗೆಸಿದ್ದಾಯಿತು ಎಂದು ಆಳಂದದ ತನಕ ಯಾರೂ ಕೂರುವುದಿಲ್ಲ. ಊರಿಗೆ ಹೋಗುವುದೇ ಬೇಡ ಎಂದು ಬಸ್ ನಿಲ್ದಾಣದಲ್ಲಿ ಮಲಗುವುದೂ ಇಲ್ಲ. ಆದರೆ ತಪ್ಪು ಕೋರ್ಸಿಗೆ ಸೇರಿದ ನಮ್ಮ ಮಕ್ಕಳು ಈ ಎರಡರಲ್ಲಿ ಒಂದನ್ನು ಮಾಡುತ್ತಾರೆ. ಕೆಲವರು ಮೂರು ವರ್ಷ ಬಾಯಿ ಮುಚ್ಚಿಕೊಂಡು ಕೂತು ಬ್ಯಾಕ್ ಪೇಪರುಗಳ ಸಾಲು ಹೊತ್ತು ಹೊರಬರುತ್ತಾರೆ. ಉಳಿದವರು ದೀಪಾವಳಿ ರಜೆಗೆ ಊರಿಗೆ ಹೋದವರು ತಿರುಗಿ ಬರುವುದೇ ಇಲ್ಲ.

ಮೂರನೆಯ ದಾರಿ ಇದೆ. ಅದು ಕೋರ್ಸ್ ಬದಲಾವಣೆ. ಅದನ್ನು ಹೇಳುವವರಿಲ್ಲ, ಕೇಳುವ ಧೈರ್ಯವೂ ಇಲ್ಲ. ಈ ಕರಪತ್ರ ಅದಕ್ಕಾಗಿ.

ತಪ್ಪು ಎಲ್ಲಿ ಆಗುತ್ತದೆ?

ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಸೈಬರ್ ಸೆಂಟರಿನ ಮುಂದೆ ಸಾಲು. ಪದವಿ ಪ್ರವೇಶದ ಯುಯುಸಿಎಂಎಸ್ ಪೋರ್ಟಲ್ ತೆರೆದು ಕೂತ ಹುಡುಗನ ಹಿಂದೆ ಹತ್ತು ಜನ ಕಾಯುತ್ತಿರುತ್ತಾರೆ. ಗೆಳೆಯ ಯಾವುದು ಹಾಕಿದನೋ ಇವನೂ ಅದನ್ನೇ ಹಾಕಿಸುತ್ತಾನೆ. ಮನೆಯಲ್ಲಿ ಕಾಕಾ ಹೇಳಿರುತ್ತಾರೆ: "ಬಿ.ಕಾಂ. ಮಾಡ್ಲಿ ಬಿಡ್ರಿ, ಬ್ಯಾಂಕಿನಾಗ ನೌಕರಿ ಸಿಗ್ತದ." ಹುಡುಗಿಯಾದರೆ ಯಾವ ಕಾಲೇಜು ಬಸ್ಸಿಗೆ ಹತ್ತಿರವೋ ಅಲ್ಲಿರುವ ಕೋರ್ಸೇ ಅವಳ ಕೋರ್ಸು. ಓದುವವರನ್ನು ಕೇಳಿದವರು ಯಾರೂ ಇಲ್ಲ.

ಇದರ ಮೇಲೆ ಪಠ್ಯಕ್ರಮದ ಗೊಂದಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂತು. 2024ರ ಮೇ ತಿಂಗಳಲ್ಲಿ ಸರ್ಕಾರ ಅದನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಅಣ್ಣ ಓದಿದ ಕ್ರಮ ಬೇರೆ, ತಂಗಿ ಓದುವ ಕ್ರಮ ಬೇರೆ. ಮನೆಯಲ್ಲಿ ಸಲಹೆ ಕೊಡಬೇಕಾದವರಿಗೂ ಈಗಿನ ನಿಯಮ ಗೊತ್ತಿಲ್ಲ.

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ನಮ್ಮ ಜಿಲ್ಲೆಯ ಫಲಿತಾಂಶ ಶೇ. 42.43. ರಾಜ್ಯದಲ್ಲೇ ಕೊನೆಯ ಸ್ಥಾನ. ಇಂಥ ಜಿಲ್ಲೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿ, ಪಿಯುಸಿ ದಾಟಿ, ಓಕಳಿಯಿಂದಲೋ ಮಹಾಗಾಂವದಿಂದಲೋ ಡೊಂಗರಗಾಂವದಿಂದಲೋ ಬಂದು ಪದವಿ ತರಗತಿಯಲ್ಲಿ ಕೂತ ಮಗು ಎಷ್ಟು ಅಡೆತಡೆ ಹಾಯ್ದು ಬಂದಿದೆ ಯೋಚಿಸಿ. ಪೋರ್ಟಲಿನಲ್ಲಿ ಒಂದು ಗುರುತು ತಪ್ಪಾಗಿ ಬಿದ್ದಿತು ಎಂಬ ಕಾರಣಕ್ಕೆ ಆ ಮಗುವನ್ನು ಕಳೆದುಕೊಳ್ಳಬೇಕೇ? ದಶಕಗಳ ಹೋರಾಟದ ನಂತರ ಸಂವಿಧಾನದ 371(ಜೆ) ವಿಧಿ ಬಂತು. ಈ ಭಾಗದ ಉನ್ನತ ಶಿಕ್ಷಣದಲ್ಲಿ ನಮ್ಮ ಮಕ್ಕಳಿಗೆ ಶೇ. 70ರಷ್ಟು ಸೀಟು ಮೀಸಲಾಯಿತು. ನಡುವೆ ಓದು ಬಿಟ್ಟವರ ಸೀಟು ಪದವಿ ಮುಗಿಯುವವರೆಗೆ ಖಾಲಿ ಬೆಂಚಾಗಿ ಉಳಿದರೆ ಆ ಹೋರಾಟಕ್ಕೆ ನಾವು ಕೊಟ್ಟ ಬೆಲೆ ಏನು?

ಬದಲಿಸುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ

ಎಲ್ಲರೂ ಬದಲಿಸಿ ಎಂದು ನಾವು ಹೇಳುತ್ತಿಲ್ಲ. ಒಂದು ಇಂಟರ್ನಲ್‌ನಲ್ಲಿ ಅಂಕ ಕಡಿಮೆ ಬಂದರೆ ಅದು ಕಾರಣವಲ್ಲ. ತೊಡಕು ವಿಷಯದ್ದೋ ಭಾಷೆಯದ್ದೋ ಮೊದಲು ನೋಡಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಬಿ.ಎಸ್ಸಿ., ಬಿ.ಕಾಂ. ತರಗತಿಯ ಇಂಗ್ಲಿಷ್ ಮೊದಲ ತಿಂಗಳುಗಳಲ್ಲಿ ಕಬ್ಬಿಣದ ಕಡಲೆ. ಅದೇ ಪಾಠವನ್ನು ಕನ್ನಡದಲ್ಲಿ ಹೇಳಿಸಿಕೊಂಡಾಗ ಅರ್ಥವಾಗುತ್ತದೆಯೇ? ಹಾಗಾದರೆ ನಿಮಗೆ ಬೇಕಾದದ್ದು ಬೇರೆ ಕೋರ್ಸಲ್ಲ, ಅಧ್ಯಾಪಕರ ನೆರವು. ಕನ್ನಡದಲ್ಲಿ ಹೇಳಿದರೂ ಮನಸ್ಸು ಒಲ್ಲೆ ಎನ್ನುತ್ತದೆಯೇ? ಆಗ ತಡ ಮಾಡಬೇಡಿ.

ಹೋಗುವ ಕೋರ್ಸಿಗೆ ಅರ್ಹತೆ ಇದೆಯೇ ನೋಡಿ. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಬಿ.ಎ., ಬಿ.ಕಾಂ.ಗೆ ಬರಬಹುದು. ಕಲಾ ವಿಭಾಗದವರಿಗೆ ಬಿ.ಎಸ್ಸಿ. ಬಾಗಿಲು ಸಾಮಾನ್ಯವಾಗಿ ತೆರೆಯುವುದಿಲ್ಲ. ಬಿ.ಎಡ್. ಮಾಡಿ ಶಿಕ್ಷಕರಾಗಬೇಕು ಎನ್ನುವವರು ಪದವಿಯ ವಿಷಯಗಳನ್ನು ಅಳೆದು ತೂಗಿ ಆರಿಸಿ. "ಬಿ.ಎ. ಮಾಡಿದ್ರ ಏನ್ ಸಿಗ್ತದ?" ಎನ್ನುವ ಪಾಲಕರಿಗೆ ಒಂದು ಮಾತು: ಕೆಎಎಸ್, ಪಿಎಸ್ಐ, ಪಿಡಿಒ ಪರೀಕ್ಷೆಗಳಿಗೆ ಯಾವ ಪದವಿಯಾದರೂ ನಡೆಯುತ್ತದೆ. ಅರ್ಧಕ್ಕೆ ಬಿಟ್ಟ ಪದವಿ ಮಾತ್ರ ಎಲ್ಲಿಯೂ ನಡೆಯುವುದಿಲ್ಲ.

ಕೊನೆಯ ವರ್ಷದಲ್ಲಿದ್ದರೆ ಬದಲಿಸಬೇಡಿ, ಮುಗಿಸಿ. ವಿಷಯವನ್ನು ಸ್ನಾತಕೋತ್ತರದಲ್ಲಿ ಬದಲಿಸಬಹುದು. ಕುವೆಂಪು ಬಿ.ಎ.ಗೆ ಓದಿದ್ದು ತತ್ತ್ವಶಾಸ್ತ್ರ, 1929ರಲ್ಲಿ ಎಂ.ಎ. ಮುಗಿಸಿದ್ದು ಕನ್ನಡದಲ್ಲಿ. ಗಿರೀಶ ಕಾರ್ನಾಡರು ಧಾರವಾಡದಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ ಆಮೇಲೆ ಆಕ್ಸ್‌ಫರ್ಡಿನಲ್ಲಿ ತತ್ತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ ಓದಿದರು. ಇನ್ನೊಂದು ಅನುಕೂಲವೂ ಇದೆ: ಎರಡು ಪದವಿಗಳನ್ನು ಒಟ್ಟಿಗೆ ಓದಲು 2022ರಿಂದ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಅವಕಾಶ ಕೊಟ್ಟಿದೆ. ಇರುವ ಕೋರ್ಸನ್ನು ಮುಗಿಸುತ್ತಲೇ ದೂರಶಿಕ್ಷಣದಲ್ಲಿ ನಿಮಗೆ ಬೇಕಾದ ಪದವಿಗೆ ಸೇರಬಹುದು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರ ನಮ್ಮ ಕಲಬುರಗಿಯಲ್ಲೇ ಇದೆ.

ನಿಯಮ ನಿಮ್ಮ ಪರವಾಗಿದೆ, ತಿಳಿದುಕೊಳ್ಳಿ

ಮೂಲ ದಾಖಲೆ: ಅಂಕಪಟ್ಟಿ, ಟಿ.ಸಿ.ಗಳ ಮೂಲ ಪ್ರತಿಯನ್ನು ಕಾಲೇಜು ತನ್ನಲ್ಲಿ ಇಟ್ಟುಕೊಳ್ಳುವಂತಿಲ್ಲ. ಪರಿಶೀಲಿಸಿ ಹಿಂದಿರುಗಿಸಬೇಕು. ಯುಜಿಸಿ 2018ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಅದು ವಿಶ್ವವಿದ್ಯಾಲಯಗಳಿಗೂ ಅವುಗಳ ಸಂಯೋಜಿತ ಕಾಲೇಜುಗಳಿಗೂ ಅನ್ವಯ.

ಶುಲ್ಕ: ಅದೇ ಅಧಿಸೂಚನೆಯಂತೆ, ಪ್ರವೇಶದ ಕೊನೆಯ ದಿನಾಂಕ ಕಳೆದು 15 ದಿನದೊಳಗೆ ಸೀಟು ಬಿಟ್ಟರೆ ಶೇ. 80, 16ರಿಂದ 30 ದಿನದೊಳಗೆ ಬಿಟ್ಟರೆ ಶೇ. 50 ಶುಲ್ಕ ವಾಪಸ್ ಬರಬೇಕು. 30 ದಿನ ದಾಟಿದರೆ ಏನೂ ಬರುವುದಿಲ್ಲ. ಆಮೇಲಿನ ವರ್ಷಗಳಲ್ಲಿ ಯುಜಿಸಿ ಇದಕ್ಕಿಂತ ಉದಾರ ಸುತ್ತೋಲೆಗಳನ್ನೂ ಹೊರಡಿಸಿದೆ. ಈ ವರ್ಷದ್ದನ್ನು ಕಾಲೇಜಿನಲ್ಲಿ ಕೇಳಿ. ಇಡೀ ಕೋರ್ಸಿನ ಶುಲ್ಕವನ್ನು ಒಮ್ಮೆಗೇ ಮುಂಗಡವಾಗಿ ವಸೂಲಿ ಮಾಡುವುದನ್ನೂ ಆ ಅಧಿಸೂಚನೆ ನಿಷೇಧಿಸಿದೆ.

ವಿದ್ಯಾರ್ಥಿವೇತನ: ಇಲ್ಲಿ ಎಚ್ಚರ ಬೇಕು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ನಿಯಮದಂತೆ, ಸರ್ಕಾರದ ಪೂರ್ವಾನುಮತಿ ಇಲ್ಲದೆ ವಿಷಯವನ್ನಾಗಲಿ ಸಂಸ್ಥೆಯನ್ನಾಗಲಿ ಬದಲಿಸಿದರೆ ಅದು ರದ್ದಾಗಬಹುದು. ಆದ್ದರಿಂದ ಮೊದಲು ಅನುಮತಿ, ಆಮೇಲೆ ಬದಲಾವಣೆ. ಬೇರೆ ವಿದ್ಯಾರ್ಥಿವೇತನ ಪಡೆಯುವವರೂ, ಹಾಸ್ಟೆಲಿನಲ್ಲಿರುವವರೂ ಮುಂಚಿತವಾಗಿ ಸಂಬಂಧಪಟ್ಟ ಇಲಾಖೆಗೆ, ವಾರ್ಡನ್ನರಿಗೆ ಬರಹದಲ್ಲಿ ತಿಳಿಸಿ.

ದೂರು: ಯುಜಿಸಿಯ 2023ರ ನಿಯಮಾವಳಿಯಂತೆ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ದೂರು ಕೊಟ್ಟ 15 ಕೆಲಸದ ದಿನಗಳೊಳಗೆ ಅದು ವರದಿ ಕೊಡುವುದು ಅಪೇಕ್ಷಿತ. ಅಲ್ಲೂ ಆಗದಿದ್ದರೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ ಬಳಿ ಮೇಲ್ಮನವಿ ಸಲ್ಲಿಸಬಹುದು.

ವಿಶ್ವವಿದ್ಯಾಲಯ: ಕಮಲಾಪುರದವರು ಹುಮನಾಬಾದಿನ ಕಾಲೇಜಿಗೆ ಹೋಗಬೇಕೆಂದರೆ ಈಗ ವಿಶ್ವವಿದ್ಯಾಲಯವೇ ಬದಲಾಗುತ್ತದೆ. 2023ರಲ್ಲಿ ಬೀದರ್ ವಿಶ್ವವಿದ್ಯಾಲಯ ಗುಲಬರ್ಗಾ ವಿಶ್ವವಿದ್ಯಾಲಯದಿಂದ ಬೇರೆಯಾಗಿದೆ, ಮೈಗ್ರೇಶನ್ ಪ್ರಮಾಣಪತ್ರ ಬೇಕಾಗುತ್ತದೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ನಗರದ ಖಾಸಗಿ ವಿಶ್ವವಿದ್ಯಾಲಯಗಳು, ಎಂಜಿನಿಯರಿಂಗ್ ಕಾಲೇಜುಗಳಿಗೆ ಅವುಗಳದೇ ನಿಯಮ. ಆಯಾ ಕಚೇರಿಯಲ್ಲಿ ವಿಚಾರಿಸಿ.

ನಮ್ಮ ಬೇಡಿಕೆಗಳು

ಗುಲಬರ್ಗಾ ವಿಶ್ವವಿದ್ಯಾಲಯದ ಆಡಳಿತಕ್ಕೆ ಮತ್ತು ಎಲ್ಲ ಪದವಿ ಕಾಲೇಜುಗಳ ಪ್ರಾಂಶುಪಾಲರಿಗೆ:

1. ಮೊದಲ ಸೆಮಿಸ್ಟರಿನ ತರಗತಿ ಶುರುವಾದ ದಿನದಿಂದ ಕನಿಷ್ಠ 30 ದಿನ ಕೋರ್ಸ್ ಬದಲಾವಣೆಗೆ ಅವಕಾಶ ಕೊಡಿ. ಆ ದಿನಾಂಕಗಳು ಶೈಕ್ಷಣಿಕ ವೇಳಾಪಟ್ಟಿಯಲ್ಲೇ ಅಚ್ಚಾಗಲಿ. ತರಗತಿಯಲ್ಲಿ ಕೂರದೆ ಕೋರ್ಸು ಒಗ್ಗುತ್ತದೆಯೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ.

2. ಯಾವ ಕೋರ್ಸಿನಲ್ಲಿ ಎಷ್ಟು ಸೀಟು ಖಾಲಿ ಇವೆ ಎಂಬುದನ್ನು ವಾರಕ್ಕೊಮ್ಮೆ ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲಿ ಹಾಕಿ.

3. ಬದಲಾದವರ ಹಾಜರಾತಿಯನ್ನು ಹೊಸ ತರಗತಿಗೆ ಸೇರಿದ ದಿನದಿಂದ ಲೆಕ್ಕ ಹಿಡಿಯಿರಿ. ಹಾಜರಾತಿ ಕೊರತೆ ಎಂದು ಪರೀಕ್ಷೆಯಿಂದ ಹೊರಗಿಡಬೇಡಿ.

4. ಒಮ್ಮೆ ಪಾಸಾದ ಸಮಾನ ಮಟ್ಟದ ಭಾಷಾ ಪತ್ರಿಕೆ, ಕಡ್ಡಾಯ ಪತ್ರಿಕೆಗಳ ಕ್ರೆಡಿಟ್ ಹೊಸ ಕೋರ್ಸಿಗೂ ಸಲ್ಲಲಿ. 2021ರಲ್ಲೇ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆ ಇರುವುದೇ ಇದಕ್ಕಾಗಿ.

5. ವಿದ್ಯಾರ್ಥಿವೇತನದ ಅನುಮತಿ ಪತ್ರವನ್ನು ಕಾಲೇಜೇ ಇಲಾಖೆಗೆ ಕಳಿಸಲಿ. ವಿದ್ಯಾರ್ಥಿಯನ್ನು ಕಚೇರಿಯಿಂದ ಕಚೇರಿಗೆ ಅಲೆಸಬೇಡಿ.

6. ಪ್ರವೇಶದ ಸಮಯದಲ್ಲಿ ವಾರಕ್ಕೊಂದು ದಿನ ವಿಶ್ವವಿದ್ಯಾಲಯದ ಸಿಬ್ಬಂದಿ ಕಮಲಾಪುರದಲ್ಲೇ ಕೂತು ಅರ್ಜಿ ಪಡೆಯಲಿ. ಒಂದು ಸಹಿಗಾಗಿ ಸುಮಾರು 35 ಕಿ.ಮೀ. ಬಂದು, "ಸಾಹೇಬ್ರು ಮೀಟಿಂಗಿನಾಗ ಇದ್ದಾರ, ನಾಳಿ ಬರ್ರಿ" ಎನ್ನಿಸಿಕೊಂಡು ಹೋಗುವ ಕೂಲಿಕಾರ ತಂದೆಗೆ ಎರಡು ದಿನದ ಕೂಲಿ ಹೋಗುತ್ತದೆ.

ನೀವು ಮಾಡಬೇಕಾದದ್ದು, ಈ ವಾರವೇ

ಬಾಯಿಮಾತಿನಲ್ಲಿ ಕೇಳಬೇಡಿ. "ಆಗಲ್ಲ" ಎಂಬ ಬಾಯಿಮಾತಿಗೆ ದಾಖಲೆ ಇರುವುದಿಲ್ಲ. ಬಿಳಿ ಹಾಳೆಯ ಮೇಲೆ ಹೀಗೆ ಬರೆಯಿರಿ:

"ಪ್ರಾಂಶುಪಾಲರಿಗೆ, ನಾನು ಪ್ರಥಮ ಸೆಮಿಸ್ಟರ್ (ಈಗಿನ ಕೋರ್ಸ್) ವಿದ್ಯಾರ್ಥಿ. ನನ್ನ ನೋಂದಣಿ ಸಂಖ್ಯೆ ಇಷ್ಟು. ನಾನು (ಬೇಕಾದ ಕೋರ್ಸ್)ಗೆ ಬದಲಾಗಲು ಬಯಸುತ್ತೇನೆ. ನನ್ನ ಪಿಯುಸಿ ವಿಷಯಗಳು ಇವು. ಆ ಕೋರ್ಸಿನಲ್ಲಿ ಖಾಲಿ ಇರುವ ಸೀಟು, ಕಟ್ಟಬೇಕಾದ ಅಥವಾ ಹೊಂದಿಸಬಹುದಾದ ಶುಲ್ಕ, ಕೊನೆಯ ದಿನಾಂಕವನ್ನು ತಿಳಿಸಿ, ಅನುಮತಿ ನೀಡಬೇಕಾಗಿ ವಿನಂತಿ. ಅನುಮತಿ ಸಾಧ್ಯವಿಲ್ಲದಿದ್ದರೆ ಯಾವ ನಿಯಮದಡಿ ಎಂಬುದನ್ನು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ."

ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕದೊಂದಿಗೆ ಸ್ವೀಕೃತಿ ಪಡೆಯಿರಿ. ಅನುಮತಿ ಕೈಗೆ ಬರುವವರೆಗೆ ಈಗಿನ ತರಗತಿ ತಪ್ಪಿಸಬೇಡಿ, ಟಿ.ಸಿ. ತೆಗೆದುಕೊಳ್ಳಬೇಡಿ. ಸರ್ಕಾರಿ ಅಥವಾ ಅನುದಾನಿತ ಕಾಲೇಜು ಉತ್ತರ ಕೊಡದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಖಾಲಿ ಸೀಟುಗಳ ವಿವರ ಕೇಳಿ. ಬಿಪಿಎಲ್ ಕುಟುಂಬದವರಿಗೆ ಆ ಶುಲ್ಕವೂ ಇಲ್ಲ. ಕಾಲೇಜು 30 ದಿನದೊಳಗೆ ಉತ್ತರಿಸಲೇಬೇಕು. ಆದರೆ ಪ್ರವೇಶದ ಗಡುವು ಅಷ್ಟು ದಿನ ಕಾಯುವುದಿಲ್ಲ. ಆದ್ದರಿಂದ ಕುಂದುಕೊರತೆ ಸಮಿತಿಗೂ ಜೊತೆಜೊತೆಗೇ ದೂರು ಕೊಡಿ. ಒಬ್ಬರೇ ಹೋಗಬೇಡಿ. ನಿಮ್ಮ ತರಗತಿಯಲ್ಲಿ ಇದೇ ಸಂಕಟದಲ್ಲಿರುವವರನ್ನು ಹುಡುಕಿ, ಒಟ್ಟಿಗೆ ಹೋಗಿ.

ತಂದೆ-ತಾಯಂದಿರೇ, ಮಗ ಬಂದು "ಅಪ್ಪಾ, ನನಗ ಇದು ಒಗ್ಗವಲ್ದು" ಎಂದರೆ "ಹಚ್ಚಿದ ರೊಕ್ಕ ಏನಾಯ್ತು? ಮಂದಿ ಏನಂತಾರ?" ಎಂದು ಬಾಯಿ ಮುಚ್ಚಿಸಬೇಡಿ. ಮೊದಲ ತಿಂಗಳಲ್ಲಿ ಹೇಳಿದರೆ ಹೋಗುವುದು ಸ್ವಲ್ಪ ಶುಲ್ಕ. ಮೂರನೆಯ ವರ್ಷ ಹೇಳಿದರೆ ಹೋಗುವುದು ಮೂರು ವರ್ಷ. ಮಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ: ಓದು ಒಗ್ಗಲಿಲ್ಲ ಎಂಬ ಮಾತು ಬಂದ ಕೂಡಲೇ ಮನೆಯಲ್ಲಿ ಲಗ್ನದ ಮಾತು ತೆಗೆಯಬೇಡಿ. ಅವಳು ಕೇಳುತ್ತಿರುವುದು ಇನ್ನೊಂದು ತರಗತಿಯನ್ನು.

ಅಧ್ಯಾಪಕರೇ, ಸೆಪ್ಟೆಂಬರಿನಿಂದ ತರಗತಿಗೆ ಬರದವರ ಹೆಸರುಗಳು ನಿಮ್ಮ ಹಾಜರಾತಿ ಪುಸ್ತಕದಲ್ಲಿವೆ. ಹೆಸರು ಹೊಡೆದುಹಾಕುವ ಮೊದಲು ಒಂದು ಫೋನ್ ಮಾಡಿ, ಕಾರಣ ಕೇಳಿ.

ಈ ಕರಪತ್ರವನ್ನು ಓದಿ ಮಡಚಿಡಬೇಡಿ. ನಿಮ್ಮ ಓಣಿಯಲ್ಲಿ ಪದವಿ ಮೊದಲ ವರ್ಷದಲ್ಲಿರುವ ಒಬ್ಬರ ಕೈಗೆ ಕೊಡಿ, ಅರ್ಜಿ ಬರೆಯಲು ಜೊತೆಗೆ ಕೂತುಕೊಳ್ಳಿ. ಗಡುವು ಮುಗಿಯುವ ಮುನ್ನ ನಮ್ಮೂರಿನ ಪ್ರತಿ ಕಾಲೇಜಿನ ಕಚೇರಿಗೂ ಇಂಥ ಅರ್ಜಿಗಳು ಹೋಗಲಿ.

ಇಂತಿ,
ಕಲಬುರಗಿ ಮತ್ತು ಕಮಲಾಪುರದ ಪದವಿ ವಿದ್ಯಾರ್ಥಿಗಳು ಹಾಗೂ ಪಾಲಕರು