ಪಕ್ಕದೂರಲ್ಲೇ ಪರರಾಜ್ಯ
ವಿದೇಶದಲ್ಲಿ ಓದುವವರ ದಿನಚರಿಯನ್ನು ಕುತೂಹಲದಿಂದ ಕೇಳುತ್ತೇವೆ. ಆದರೆ ಪಕ್ಕದ ಆಂಧ್ರದ ರಾಯದುರ್ಗ, ಮಡಕಶಿರಾದ ಕನ್ನಡ ಮಕ್ಕಳನ್ನು ಕೇಳುವವರು ಕಡಿಮೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ 1953ರ ಅಕ್ಟೋಬರ್ 1ರಂದು ಆದೋನಿ, ಆಲೂರುಗಳೊಂದಿಗೆ ಆಂಧ್ರಕ್ಕೆ ಸೇರಿತು. ನೊಳಂಬರ ರಾಜಧಾನಿ ಹೇಮಾವತಿಯನ್ನು ಮಡಿಲಲ್ಲಿಟ್ಟುಕೊಂಡ ಮಡಕಶಿರಾ ಸೀಮೆಗೆ ಮೂರು ದಿಕ್ಕಿನಲ್ಲೂ ಕರ್ನಾಟಕವೇ. 2022ರಿಂದ ಅದು ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲು. ಇಲ್ಲಿ ಅವ್ವನ ಮಾತು ಕನ್ನಡ, ಬಸ್ಸಿನ ಬೋರ್ಡು ತೆಲುಗು, ಸಂತೆಯಲ್ಲಿ ಎರಡೂ. ಎರಡನ್ನೂ ಸಲೀಸಾಗಿ ಆಡುವ ಆ ಮಕ್ಕಳನ್ನು ಕಂಡರೆ ನನಗೆ ಹೆಮ್ಮೆ. ಇಕ್ಕಟ್ಟು ಶುರುವಾಗುವುದು ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿದ ಮೇಲೆ. ಊರಲ್ಲೇ ಇಂಟರ್ (ಅಲ್ಲಿನ ಪಿಯುಸಿ) ಸೇರಿದರೆ ಹೆಚ್ಚಿನ ಕಡೆ ಪಾಠ ಇಂಗ್ಲಿಷಿಗೋ ತೆಲುಗಿಗೋ ಹೊರಳುತ್ತದೆ. ಬಳ್ಳಾರಿಗೋ ಶಿರಾಕ್ಕೋ ಹೋಗಿ ಪಿಯುಸಿ ಸೇರಿದರೆ ಭಾಷೆ ತಮ್ಮದೇ, ಅರ್ಜಿಯಲ್ಲಿ ಮಾತ್ರ ತಾವು ಹೊರರಾಜ್ಯದವರು. ವಾಸದೃಢೀಕರಣ, ವಿದ್ಯಾರ್ಥಿವೇತನ, ಹಾಸ್ಟೆಲ್ ಎಂದು ಹದಿನಾರರ ಹುಡುಗಿಯೊಬ್ಬಳು ಕಿಟಕಿಯಿಂದ ಕಿಟಕಿಗೆ ತನ್ನ ಊರಿನ ಇತಿಹಾಸ ವಿವರಿಸುತ್ತಾ ನಿಲ್ಲುವುದು ಖಂಡಿತ ತಪ್ಪು. ಗಡಿನಾಡಿನ ಹೆಸರಲ್ಲಿ ಸಮ್ಮೇಳನ ಮಾಡುವವರು ಮೊದಲು ಬಳ್ಳಾರಿ, ಶಿರಾ, ಪಾವಗಡಗಳಲ್ಲಿ ಈ ಮಕ್ಕಳಿಗೆಂದೇ ಹಾಸ್ಟೆಲ್ ಸೀಟು ಕೇಳಲಿ, ಪ್ರವೇಶ ಶುರುವಾಗುವುದಕ್ಕೆ ಮುಂಚೆಯೇ.